ಬಂಕಾಪುರದ ಅರವತ್ತು ಕಂಬದ ಮಂಟಪ

ಬಂಕಾಪುರದ ಕೋಟೆಯೊಳಗಣ ನಗರೇಶ್ವರ ದೇವಾಲಯವು ಜನರ ಬಾಯಲ್ಲಿ ‘ಅರವತ್ತು ಕಂಬದ ಗುಡಿ’ಯೆಂದೇ ಪ್ರಸಿದ್ಧವಾಗಿರುವುದು. ಗರ್ಭಗೃಹದ ದೇವರಿಗಿಂತಲೂ ಅದರ ಮುಂದಣ ಮಂಟಪವೇ ಗುಡಿಗೆ ಹೆಸರು ಕೊಟ್ಟಿದೆ. ಹತ್ತೊಂಬತ್ತನೆಯ ಶತಮಾನದ ಕೆಲವು ವರದಿಗಳಲ್ಲಿ ಇದನ್ನು ‘ಬಸ್ತಿ’ಯೆಂದೂ ಕರೆದಿರುವುದರಿಂದ, ಇದು ಮೊದಲು ಜಿನಾಲಯವಾಗಿತ್ತೇ ಎಂಬ ಪ್ರಶ್ನೆಯು ವಿಚಾರಾರ್ಹವಾಗಿದೆ.

ಬಂಕಾಪುರದ ಜೈನಕೀರ್ತಿಯೇನೋ ನಿರ್ವಿವಾದವಾದುದು. ನೃಪತುಂಗನ ದಂಡನಾಯಕನಾದ ಬಂಕೆಯನಿಂದ ಹೆಸರು ಪಡೆದ ಈ ಪಟ್ಟಣದಲ್ಲಿ, ಅವನ ಮಗ ಲೋಕಾದಿತ್ಯನು ಆಳುತ್ತಿದ್ದಾಗ, ಶಕ 820ರಲ್ಲಿ (ಕ್ರಿ. ಶ. 898) ಗುಣಭದ್ರನ ಉತ್ತರಪುರಾಣವು ಪೂಜಿಸಲ್ಪಟ್ಟಿತು. ಗಂಗರ ಮಾರಸಿಂಹನು ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹವಿಟ್ಟುದೂ ಇಲ್ಲಿಯೇ. ಆದರೆ ಇವೆಲ್ಲವೂ ಒಂಬತ್ತು, ಹತ್ತನೆಯ ಶತಮಾನಗಳ ಮಾತು.

ಮಂಟಪದ ಕಲ್ಲುಗಳು ಬೇರೆ ಕಾಲವನ್ನು ಹೇಳುತ್ತವೆ. ಸುತ್ತಣ ನೆಲಕ್ಕಿಂತ ತಗ್ಗಿನಲ್ಲಿರುವ ಗುಡಿಗೆ ಇಳಿದು ಹೋದವನನ್ನು ಮೊದಲು ಎದುರುಗೊಳ್ಳುವುದು ಗೋಡೆಯಿಲ್ಲದ ಈ ವಿಶಾಲವಾದ ಚಾವಡಿ. ತಿರುಗಣೆಯಲ್ಲಿ ಕಡೆದು ನುಣುಪುಗೊಳಿಸಿದ ಕಂಬಗಳೂ, ಅಂಚಿನುದ್ದಕ್ಕೂ ಒರಗಿ ಕೂರಲು ಅನುಕೂಲವಾದ ಕಕ್ಷಾಸನಗಳೂ, ಕುಸುರಿಗೆಲಸದ ಭುವನೇಶ್ವರಿಗಳೂ ಕಲ್ಯಾಣದ ಚಾಲುಕ್ಯರ ಕಾಲದ, ಎಂದರೆ ಹನ್ನೊಂದು ಹನ್ನೆರಡನೆಯ ಶತಮಾನಗಳ, ಶಿಲ್ಪರೀತಿಗೆ ಸೇರಿದವು. ಆ ಕಾಲದಲ್ಲಿ ಬಂಕಾಪುರವು ಬನವಾಸಿ ಪನ್ನಿರ್ಛಾಸಿರದ ಮುಖ್ಯ ಪಟ್ಟಣಗಳಲ್ಲೊಂದಾಗಿತ್ತು, ಕ್ರಿ. ಶ. 1055ರ ಇಲ್ಲಿಯ ಶಾಸನವು ಕದಂಬ ಹರಿಕೇಸರಿಯನ್ನು ಹೆಸರಿಸುತ್ತದೆ. ‘ನಗರ’ವೆಂಬುದು ವರ್ತಕರ ಸಂಘಕ್ಕೂ ಸಲ್ಲುತ್ತಿದ್ದ ಮಾತು. ಪೂಜೆಗೆ ಬೇಕಾದುದಕ್ಕಿಂತ ಎಷ್ಟೋ ದೊಡ್ಡದಾದ ಈ ಮಂಟಪವು ಊರಿನ ಜನ ಕೂಡಿ ಕುಳಿತು ವ್ಯವಹರಿಸುವುದಕ್ಕೂ ಒದಗುತ್ತಿದ್ದಿತೆಂದು ಊಹಿಸುವುದು ತಪ್ಪಾಗಲಾರದು. ಆ ಕಕ್ಷಾಸನಗಳನ್ನು ಕಂಡವರಿಗೆ ಹಾಗೆ ತೋರದೆ ಇರದು. ಹೀಗೆ ಹೆಸರೂ ಶಿಲ್ಪವೂ ಶೈವಾಲಯದ ಪಕ್ಷದಲ್ಲಿಯೇ ನಿಲ್ಲುವುವು. ಬಸ್ತಿಯೆಂಬ ಮಾತು ಊರಿನ ಹಳೆಯ ಕೀರ್ತಿಯನ್ನು ಗುಡಿಗೆ ಅಂಟಿಸಿದುದರ ಫಲವಾಗಿರಬಹುದು.

ಇನ್ನೊಂದು ಮಾತು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಒಂದನೆಯ ಅಲಿ ಆದಿಲಶಾಹನು ಬಂಕಾಪುರವನ್ನು ಗೆದ್ದು, ಒಂದು ಭವ್ಯ ದೇವಾಲಯವನ್ನು ಕೆಡಹಿಸಿ ಮಸೀದಿಯನ್ನು ಕಟ್ಟಿಸಿದನೆಂದು ಫಿರಿಸ್ತನು ಬರೆದಿರುವನು. ಆ ಮಾತನ್ನು ಈ ಗುಡಿಗೆ ಹಾಗೆಯೇ ಅನ್ವಯಿಸಲಾಗದು. ಇದರ ಶಿಖರವು ಅಳಿದಿರುವುದು ನಿಜ. ಮಂಟಪವು ಮಾತ್ರ ತನ್ನ ಕಂಬಗಳ ಮೇಲೆ ಇಂದಿಗೂ ನಿಂತಿದೆ.