ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್: ಒಂದು ಕಾಲೇಜು ಪಠ್ಯದ ಚರಿತ್ರೆ

ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಎಂಬುದು ಬಿಸಿಎ, ಬಿಎಸ್ಸಿ ಕಂಪ್ಯೂಟರ್ ಸೈನ್ಸ್ ಹಾಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪದವಿಯ ಮೊದಲೆರಡು ವರ್ಷಗಳಲ್ಲಿ ಓದುವ ಪ್ರಾರಂಭಿಕ ಪಠ್ಯ. ವಿದ್ಯಾರ್ಥಿಗಳ ಬಾಯಲ್ಲಿ ಇದು ‘ಊಪ್ಸ್’. ಮಾಹಿತಿಯನ್ನೂ ಆ ಮಾಹಿತಿಯ ಮೇಲೆ ನಡೆಯುವ ಕೆಲಸಗಳನ್ನೂ ಒಂದೇ ಘಟಕದಲ್ಲಿ ಕಟ್ಟಿಡುವುದು ಇದರ ಮೂಲ ತತ್ವ. ಘಟಕದ ನಕ್ಷೆಯನ್ನು ಕ್ಲಾಸ್ ಎನ್ನುತ್ತಾರೆ. ಆ ನಕ್ಷೆಯಂತೆ ಮೆಮೊರಿಯಲ್ಲಿ ಮೂಡುವ ಒಂದೊಂದು ಪ್ರತಿಯೂ ಒಂದು ಆಬ್ಜೆಕ್ಟ್. ಕರ್ನಾಟಕದ ಕಾಲೇಜುಗಳಲ್ಲಿ ಈ ಪಠ್ಯ ಸಿ++ ಭಾಷೆಯಿಂದ ಶುರುವಾಗಿ ಜಾವಾದತ್ತ ಹೊರಳಿದೆ. ದಾಂಡೇಲಿಯ ಬಂಗೂರನಗರ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ಭಾಗದ ವಿದ್ಯಾರ್ಥಿಗಳಿಗೆ ಅದು ತಲುಪಿದ ದಾರಿಯನ್ನು ಇಲ್ಲಿ ವಿವರಿಸಲಾಗಿದೆ.

ಹುಟ್ಟು

ಈ ಚಿಂತನೆಯ ತವರು ನಾರ್ವೆ. ಓಸ್ಲೋದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್‌ನಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗೋರ್ ರೂಪಿಸಿದ ಸಿಮ್ಯುಲಾ 67 ಭಾಷೆಯಲ್ಲಿ ಕ್ಲಾಸ್, ಆಬ್ಜೆಕ್ಟ್, ಇನ್‌ಹೆರಿಟೆನ್ಸ್ (ಒಂದು ಕ್ಲಾಸ್‌ನ ಗುಣಗಳನ್ನು ಇನ್ನೊಂದು ಪಡೆಯುವುದು) ಮೂರೂ ಮೊದಲ ಬಾರಿಗೆ ಒಟ್ಟಿಗೆ ಕಾಣಿಸಿಕೊಂಡವು. ಹೊರಜಗತ್ತಿನ ವ್ಯವಸ್ಥೆಗಳ ನಡೆಯನ್ನು ಕಂಪ್ಯೂಟರಿನೊಳಗೆ ಅನುಕರಿಸಿ ನೋಡುವುದು ಅವರ ಉದ್ದೇಶವಾಗಿತ್ತು. ಸರದಿಯಲ್ಲಿ ನಿಂತ ಒಬ್ಬೊಬ್ಬನನ್ನೂ ಬೇರೆ ಬೇರೆಯಾಗಿ ಚಿತ್ರಿಸಬೇಕಾದಾಗ ಆಬ್ಜೆಕ್ಟ್ ಎಂಬ ಕಲ್ಪನೆ ಅಗತ್ಯದಿಂದಲೇ ಹುಟ್ಟಿತು. 1970ರ ದಶಕದಲ್ಲಿ ಅಮೆರಿಕದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಅಲನ್ ಕೇ, ಅಡೆಲ್ ಗೋಲ್ಡ್‌ಬರ್ಗ್ ಮೊದಲಾದವರು ಸ್ಮಾಲ್‌ಟಾಕ್ ಭಾಷೆಯನ್ನು ಕಟ್ಟಿದರು. ಮಕ್ಕಳೂ ಪ್ರೋಗ್ರಾಂ ಬರೆಯಬಲ್ಲರು ಎಂಬ ನಂಬಿಕೆ ಆ ಕೆಲಸದ ಬೆನ್ನಿಗಿತ್ತು. ಕಲಿಕೆಗೂ ಈ ವಿಷಯಕ್ಕೂ ಇರುವ ನಂಟು ಅಷ್ಟು ಹಳೆಯದು.

ಬೆಲ್ ಲ್ಯಾಬ್ಸ್‌ನಲ್ಲಿ ಬ್ಯಾರ್ನೆ ಸ್ಟ್ರೌಸ್ಟ್ರಪ್ 1979ರಲ್ಲಿ ಸಿ ಭಾಷೆಗೆ ಕ್ಲಾಸ್‌ಗಳನ್ನು ಸೇರಿಸುವ ಕೆಲಸ ಆರಂಭಿಸಿದರು. 1983ರಲ್ಲಿ ಅದಕ್ಕೆ ಸಿ++ ಎಂಬ ಹೆಸರು ಬಂತು. 1985ರಲ್ಲಿ ಅದು ಮಾರುಕಟ್ಟೆಗೆ ಬಂತು. ಸನ್ ಮೈಕ್ರೋಸಿಸ್ಟಮ್ಸ್‌ನ ಜೇಮ್ಸ್ ಗಾಸ್ಲಿಂಗ್ ನೇತೃತ್ವದಲ್ಲಿ ರೂಪುಗೊಂಡ ಜಾವಾ 1995ರಲ್ಲಿ ಹೊರಬಂತು. ಡಾಲ್ ಮತ್ತು ನ್ಯೂಗೋರ್ ಅವರಿಗೆ 2001ರ, ಅಲನ್ ಕೇ ಅವರಿಗೆ 2003ರ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಮೂರು ಊರುಗಳಿಂದ ಬರುವ ಪಠ್ಯಕ್ರಮ

ಬಂಗೂರನಗರ ಎಂಬ ಹೆಸರು ಬಂದದ್ದು 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್‌ನ ಬಂಗೂರ ಮನೆತನದಿಂದ. ಕಾಗದದ ಕಾರ್ಖಾನೆಯ ಸುತ್ತ ಬೆಳೆದ ಈ ಬಡಾವಣೆಯ ಹೆಸರನ್ನೇ ಇಲ್ಲಿನ ಪದವಿ ಕಾಲೇಜೂ ಹೊತ್ತಿದೆ. ಈ ಭಾಗದ ವಿದ್ಯಾರ್ಥಿಗೆ ಪ್ರೋಗ್ರಾಮಿಂಗ್ ಪಠ್ಯಕ್ರಮ ಮೂರು ಊರುಗಳಿಂದ ಬರುತ್ತದೆ. ಪಿಯುಸಿಯದು ಬೆಂಗಳೂರಿನಲ್ಲಿ ಸಿದ್ಧವಾಗುತ್ತದೆ. ಉತ್ತರ ಕನ್ನಡದ ಪದವಿ ಕಾಲೇಜುಗಳದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು. ಎಂಜಿನಿಯರಿಂಗ್‌ನದು 1998ರಲ್ಲಿ ಸ್ಥಾಪನೆಯಾದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದು, ಅಂದರೆ ವಿಟಿಯುನದು. ಹಳಿಯಾಳದಲ್ಲಿ ಕರ್ನಾಟಕ ಲಾ ಸೊಸೈಟಿಯ ವಿಶ್ವನಾಥರಾವ್ ದೇಶಪಾಂಡೆ ತಾಂತ್ರಿಕ ಮಹಾವಿದ್ಯಾಲಯ 2004ರಲ್ಲಿ ಆರಂಭವಾದ ಮೇಲೆ ಸುತ್ತಲಿನ ತಾಲೂಕುಗಳ ಮಕ್ಕಳಿಗೆ ಹುಬ್ಬಳ್ಳಿ, ಬೆಳಗಾವಿಗೆ ಹೋಗದೆಯೇ ಎಂಜಿನಿಯರಿಂಗ್ ಓದುವ ಅವಕಾಶ ಸಿಕ್ಕಿತು.

ಪಿಯುಸಿ ಎರಡನೇ ವರ್ಷದ ಕಂಪ್ಯೂಟರ್ ಸೈನ್ಸ್ ಪಠ್ಯದಲ್ಲಿ ಬಹುಕಾಲ ಸಿ++ ಇತ್ತು. ಕ್ಲಾಸ್, ಕನ್‌ಸ್ಟ್ರಕ್ಟರ್, ಇನ್‌ಹೆರಿಟೆನ್ಸ್ ಪದಗಳನ್ನು ಬಹುತೇಕ ವಿದ್ಯಾರ್ಥಿಗಳು ಮೊದಲು ಕೇಳಿದ್ದು ಅಲ್ಲಿಯೇ. ಈಚೆಗೆ ಪಿಯು ಪಠ್ಯ ಪೈಥಾನ್‌ಗೆ ಹೊರಳಿ, ಎನ್‌ಸಿಇಆರ್‌ಟಿ ಪುಸ್ತಕವನ್ನು ಅನುಸರಿಸುತ್ತಿರುವುದರಿಂದ ಈ ಪರಿಚಯ ಪದವಿ ತರಗತಿಗೆ ಮುಂದೂಡಲ್ಪಟ್ಟಿದೆ. ಹೀಗಾಗಿ ಕಾಲೇಜಿನ ಮೊದಲ ಊಪ್ಸ್ ಪಠ್ಯದ ಹೊಣೆ ಹಿಂದಿಗಿಂತ ಹೆಚ್ಚಾಗಿದೆ.

ಸಿ++ ಕಾಲ

ವಿಟಿಯುನ 2010ರ ಸ್ಕೀಮಿನಲ್ಲಿ, ಅಂದರೆ ಆ ವರ್ಷದ ಪಠ್ಯಕ್ರಮದಲ್ಲಿ, ಮೂರನೇ ಸೆಮಿಸ್ಟರಿನ ‘10ಸಿಎಸ್36’ ವಿಷಯದ ಹೆಸರೇ ‘ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ವಿತ್ ಸಿ++’. ಹರ್ಬರ್ಟ್ ಶಿಲ್ಟ್ ಮತ್ತು ಇ. ಬಾಲಗುರುಸ್ವಾಮಿ ಅವರ ಪುಸ್ತಕಗಳು ಈ ಕಾಲದ ವಿದ್ಯಾರ್ಥಿಗಳಿಗೆ ಚಿರಪರಿಚಿತ. ಲ್ಯಾಬುಗಳಲ್ಲಿ ಟರ್ಬೊ ಸಿ++ನ ನೀಲಿ ಪರದೆ ಆಳುತ್ತಿತ್ತು. ಕಂಟ್ರೋಲ್ ಮತ್ತು ಎಫ್9 ಒತ್ತಿದರೆ ಪ್ರೋಗ್ರಾಂ ಓಡುತ್ತಿತ್ತು, ಆಲ್ಟ್ ಮತ್ತು ಎಫ್5 ಒತ್ತಿದರೆ ಔಟ್‌ಪುಟ್ ಕಾಣುತ್ತಿತ್ತು. ಬೋರ್ಲೆಂಡ್ ಕಂಪನಿಯ ಈ ತಂತ್ರಾಂಶ ಮೊದಲು ಬಂದದ್ದು 1990ರಲ್ಲಿ; ಸಿ++ನ ಅಂತರರಾಷ್ಟ್ರೀಯ ಮಾನಕ ರೂಪುಗೊಂಡದ್ದು 1998ರಲ್ಲಿ. ಮಾನಕ ಬಂದ ಎಷ್ಟೋ ವರ್ಷಗಳ ನಂತರವೂ ವಿದ್ಯಾರ್ಥಿಗಳು ಅದಕ್ಕಿಂತ ಹಳೆಯ ಸಿ++ ಕಲಿಯುತ್ತಿದ್ದರು. ಕೆಲಸಕ್ಕೆ ಸೇರಿದ ದಿನ ಹೊಸ ಕಂಪೈಲರ್ ತಮ್ಮ ಮೊದಲ ಸಾಲನ್ನೇ ಒಪ್ಪದಿದ್ದಾಗ ಅವರಿಗೆ ಇದು ತಿಳಿಯುತ್ತಿತ್ತು.

ಆದರೂ ಆ ಕಾಲದ ಲ್ಯಾಬ್ ಪಟ್ಟಿಯಲ್ಲಿದ್ದ ಒಂದು ಪ್ರೋಗ್ರಾಂ ಇಂದಿಗೂ ನೆನೆಯುವಂಥದ್ದು. ‘ಸ್ಟೂಡೆಂಟ್’ ಎಂಬ ಕ್ಲಾಸ್ ಬರೆಯಬೇಕು. ಅದರಲ್ಲಿ ಯುಎಸ್‌ಎನ್, ಹೆಸರು, ಮೂರು ಟೆಸ್ಟುಗಳ ಅಂಕಗಳು ಇರಬೇಕು. ಹತ್ತು ಆಬ್ಜೆಕ್ಟ್‌ಗಳ ಸಾಲು ಕಟ್ಟಿ, ಪ್ರತಿಯೊಬ್ಬರ ಉತ್ತಮ ಎರಡು ಟೆಸ್ಟುಗಳ ಸರಾಸರಿ ತೆಗೆದು ಮುದ್ರಿಸಬೇಕು. ಇದು ವಿದ್ಯಾರ್ಥಿಯ ಸ್ವಂತ ಇಂಟರ್ನಲ್ಸ್ ಲೆಕ್ಕವೇ ಆಗಿತ್ತು. ಯುಎಸ್‌ಎನ್ ಎಂದರೆ ವಲಯ, ಕಾಲೇಜು, ಸೇರಿದ ವರ್ಷ, ಶಾಖೆ ಮತ್ತು ಕ್ರಮಸಂಖ್ಯೆಗಳನ್ನು ಜೋಡಿಸಿದ ಗುರುತು. ಒಂದೇ ತರಗತಿಯ ಇಬ್ಬರಿಗೆ ಒಂದೇ ಹೆಸರಿರಬಹುದು, ಅಂಕಗಳೂ ಒಂದೇ ಆಗಿರಬಹುದು, ಆದರೂ ಅವರು ಬೇರೆ ಬೇರೆ ಆಬ್ಜೆಕ್ಟ್‌ಗಳು. ಆಬ್ಜೆಕ್ಟ್‌ಗೆ ತನ್ನದೇ ಅಸ್ತಿತ್ವ ಉಂಟು ಎಂಬ ಪಾಠ ಇದಕ್ಕಿಂತ ಹತ್ತಿರದಿಂದ ಸಿಗುವುದು ಕಷ್ಟ.

ಜಾವಾದತ್ತ ಹೊರಳಿದ್ದು

2015ರ ಸ್ಕೀಮಿನಲ್ಲಿ ವಿಟಿಯು ಈ ವಿಷಯವನ್ನು ನಾಲ್ಕನೇ ಸೆಮಿಸ್ಟರಿನ ‘ಆಬ್ಜೆಕ್ಟ್ ಓರಿಯೆಂಟೆಡ್ ಕಾನ್ಸೆಪ್ಟ್ಸ್’ ಆಗಿ ಬದಲಿಸಿತು. ಸಿ++ ಆರಂಭದ ಭಾಗಕ್ಕೆ ಸೀಮಿತವಾಯಿತು, ಉಳಿದದ್ದು ಜಾವಾ. ಆ ಪಠ್ಯದ ಕೊನೆಯಲ್ಲಿದ್ದ ಆ್ಯಪ್ಲೆಟ್ (ವೆಬ್ ಪುಟದೊಳಗೆ ಓಡುವ ಪುಟ್ಟ ಪ್ರೋಗ್ರಾಂ) ವಿಷಯವನ್ನು 2017ರಲ್ಲಿ ಬಂದ ಜಾವಾ 9 ಬಳಕೆಗೆ ತಕ್ಕುದಲ್ಲವೆಂದು ಬದಿಗಿಟ್ಟಿತು. 2022ರ ಸ್ಕೀಮಿನಲ್ಲಿ ವಿಷಯ ಮತ್ತೆ ಮೂರನೇ ಸೆಮಿಸ್ಟರಿಗೆ ಬಂದು, ‘ಬಿಸಿಎಸ್306ಎ’ ಎಂಬ ಸಂಖ್ಯೆಯಡಿ ಪೂರ್ತಿ ಜಾವಾ ಆಯಿತು. ನೌಕರನ ಸಂಬಳವನ್ನು ಶೇಕಡಾವಾರು ಏರಿಸುವ ‘ಎಂಪ್ಲಾಯೀ’ ಕ್ಲಾಸ್, ವೃತ್ತ, ತ್ರಿಕೋನ, ಚೌಕಗಳು ಒಂದೇ ‘ಶೇಪ್’ನಿಂದ ಹುಟ್ಟಿ ತಂತಮ್ಮ ರೀತಿಯಲ್ಲಿ ಚಿತ್ರ ಬಿಡಿಸುವ ಪ್ರೋಗ್ರಾಂ ಅದರ ಲ್ಯಾಬ್ ಪಟ್ಟಿಯಲ್ಲಿವೆ.

ಪದವಿ ಕಾಲೇಜುಗಳಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ 2021-22ರಲ್ಲಿ ಜಾರಿಯಾದಾಗ ರಾಜ್ಯದ ಮಾದರಿ ಪಠ್ಯಕ್ರಮ ಬಿಸಿಎ ಎರಡನೇ ಸೆಮಿಸ್ಟರಿನಲ್ಲಿಯೇ ಜಾವಾ ಮೂಲಕ ಊಪ್ಸ್ ಕಲಿಸಲು ಸೂಚಿಸಿತು. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿ ವ್ಯವಸ್ಥೆಗೆ ಮರಳಿದ್ದರಿಂದ ಪಠ್ಯ ಇನ್ನೊಮ್ಮೆ ಮರುಜೋಡಣೆಯಾಯಿತು.

ಕಲಿಸುವ ಕ್ರಮದ ಚರ್ಚೆ

ಮೊದಲ ದಿನದಿಂದಲೇ ಆಬ್ಜೆಕ್ಟ್ ಕಲಿಸಬೇಕೆ, ಅಥವಾ ಲೂಪ್, ಫಂಕ್ಷನ್ ಗಟ್ಟಿಯಾದ ಮೇಲೆ ಕಲಿಸಬೇಕೆ? ಈ ಚರ್ಚೆ ಜಗತ್ತಿನೆಲ್ಲೆಡೆ ಇದೆ. 2001ರಲ್ಲಿ ಎಸಿಎಂ ಮತ್ತು ಐಇಇಇ ಸಂಸ್ಥೆಗಳು ಪ್ರಕಟಿಸಿದ ಮಾದರಿ ಪಠ್ಯಕ್ರಮ ‘ಆಬ್ಜೆಕ್ಟ್ ಮೊದಲು’ ಎಂಬುದನ್ನೂ ಒಂದು ಮಾರ್ಗವಾಗಿ ಒಪ್ಪಿತು. ಆ ದಾರಿಗೆಂದೇ ಮೈಕೆಲ್ ಕೊಲ್ಲಿಂಗ್ ಮತ್ತು ಸಂಗಡಿಗರು ರೂಪಿಸಿದ ಬ್ಲೂಜೆ ತಂತ್ರಾಂಶದಲ್ಲಿ ಕ್ಲಾಸ್‌ಗಳು ಪೆಟ್ಟಿಗೆಗಳಾಗಿ ಪರದೆಯ ಮೇಲೆಯೇ ಕಾಣುತ್ತವೆ. ಕರ್ನಾಟಕ ಹಿಡಿದದ್ದು ‘ಮೊದಲು ಸಿ, ಆಮೇಲೆ ಊಪ್ಸ್’ ಎಂಬ ದಾರಿ. ಇದರಿಂದ ಬುನಾದಿ ಗಟ್ಟಿಯಾಗುತ್ತದೆ. ಆದರೆ ಹಳೆಯ ಸಿ ಪ್ರೋಗ್ರಾಮಿಗೆ ಕ್ಲಾಸ್ ಎಂಬ ಹೊದಿಕೆ ಹಾಕಿ, ಎಲ್ಲ ಕೆಲಸವನ್ನೂ ಪ್ರೋಗ್ರಾಂ ಶುರುವಾಗುವ ‘ಮೇನ್’ನಲ್ಲಿಯೇ ಮುಗಿಸುವ ರೂಢಿಯೂ ಉಳಿದುಬಿಡುತ್ತದೆ.

ಇದಕ್ಕೆ ಮದ್ದು ಪರಿಚಿತ ಉದಾಹರಣೆ. ಪಾಲಿಮಾರ್ಫಿಸಂ ಎಂದರೆ ಒಂದೇ ಸಂದೇಶಕ್ಕೆ ಬೇರೆ ಬೇರೆ ಆಬ್ಜೆಕ್ಟ್‌ಗಳು ತಂತಮ್ಮ ಬಗೆಯಲ್ಲಿ ಉತ್ತರಿಸುವುದು. ಕಾಳಿ ನದಿ ಇದಕ್ಕೆ ಕೈಯಳತೆಯ ಪಾಠ. 100 ಮೆಗಾವಾಟ್‌ನ ಸೂಪಾ (ಜೋಯಿಡಾ ತಾಲೂಕು), 120 ಮೆಗಾವಾಟ್‌ನ ಕೊಡಸಳ್ಳಿ, 150 ಮೆಗಾವಾಟ್‌ನ ಕದ್ರಾ ಮೂರೂ ಜಲವಿದ್ಯುತ್ ಕೇಂದ್ರಗಳು. ಅದೇ ನದಿಯ ದಂಡೆಯ ಕೈಗಾ ಅಣು ವಿದ್ಯುತ್ ಕೇಂದ್ರ. ‘ವಿದ್ಯುತ್ ಕೇಂದ್ರ’ ಎಂಬ ಮೂಲ ಕ್ಲಾಸ್ ಬರೆದು, ಅದರಲ್ಲಿ ‘ಉತ್ಪಾದಿಸು’ ಎಂಬ ಸಂದೇಶ ಇಡಿ. ಸೂಪಾ ನೀರು ಬಿಟ್ಟು ಟರ್ಬೈನ್ ತಿರುಗಿಸುತ್ತದೆ. ಕೈಗಾ ಅಣುಶಾಖದಿಂದ ಹಬೆ ಮಾಡಿ ತಿರುಗಿಸುತ್ತದೆ. ಆಜ್ಞೆ ಕೊಡುವವನಿಗೆ ಒಳಗಿನ ಬಗೆ ತಿಳಿಯಬೇಕಿಲ್ಲ. ನಾಳೆ ಸೌರ ಕೇಂದ್ರವೊಂದು ಸೇರಿದರೂ ಆಜ್ಞೆಯ ಸಾಲು ಬದಲಾಗುವುದಿಲ್ಲ. ಈ ಪಠ್ಯದ ಸಾರವೆಲ್ಲ ಆ ಬದಲಾಗದ ಸಾಲಿನಲ್ಲಿದೆ.

ಭಾಷೆಯ ಪ್ರಶ್ನೆ

ಪಠ್ಯಪುಸ್ತಕ, ಪರೀಕ್ಷೆ ಇಂಗ್ಲಿಷಿನಲ್ಲಿ. ತರಗತಿಯ ವಿವರಣೆ ಬಹುಮಟ್ಟಿಗೆ ಕನ್ನಡ ಬೆರೆತ ಇಂಗ್ಲಿಷಿನಲ್ಲಿ. ಕನ್ನಡದ ಜೊತೆಗೆ ಕೊಂಕಣಿ, ಮರಾಠಿ, ಉರ್ದು ಮನೆಮಾತಿನವರಿರುವ ಈ ತಾಲೂಕುಗಳಲ್ಲಿ ಕನ್ನಡವೇ ಬೆಸೆಯುವ ಭಾಷೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2021ರಲ್ಲಿ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅನುಮತಿ ನೀಡಿತು. ಕ್ಲಾಸ್, ಆಬ್ಜೆಕ್ಟ್ ಪದಗಳನ್ನು ಹಾಗೆಯೇ ಉಳಿಸಿಕೊಂಡು ವಿವರಣೆಯನ್ನು ಕನ್ನಡದಲ್ಲಿ ಕೊಡುವುದು ಕಲಿಯುವವರಿಗೆ ಹೆಚ್ಚು ನೆರವಾಗುವ ದಾರಿ.

ಮೌಲ್ಯಮಾಪನ

ಸ್ಕೀಮುಗಳು ಬದಲಾದವು, ಭಾಷೆ ಬದಲಾಯಿತು, ನೀಲಿ ಪರದೆ ಹೋಯಿತು. ಬದಲಾಗದೆ ಉಳಿದದ್ದು ಒಂದೇ ಪ್ರಶ್ನೆ: ಈ ಕೆಲಸ ಯಾರ ಹೊಣೆ? ಸರಾಸರಿ ತೆಗೆಯುವುದು ‘ಮೇನ್’ನ ಹೊಣೆಯೋ, ವಿದ್ಯಾರ್ಥಿ ಎಂಬ ಆಬ್ಜೆಕ್ಟ್‌ನದೋ? ಲ್ಯಾಬ್ ರೆಕಾರ್ಡಿನ ಹನ್ನೆರಡು ಪ್ರೋಗ್ರಾಂಗಳನ್ನು ಬಾಯಿಪಾಠ ಮಾಡಿದವನಿಗೆ ವೈವಾದಲ್ಲಿ ಅಂಕ ಸಿಗಬಹುದು, ಈ ಪ್ರಶ್ನೆಗೆ ಉತ್ತರ ಸಿಗದು. ಕಲಿಯುವವರು ಪಟ್ಟಿಯಲ್ಲಿಲ್ಲದ ಹದಿಮೂರನೆಯ ಕ್ಲಾಸೊಂದನ್ನು ತಮ್ಮ ಊರಿನಿಂದಲೇ ಆರಿಸಿ ಬರೆಯಲಿ: ಕಾಗದದ ರೀಲ್, ಬಸ್ಸಿನ ಸೀಟು, ಗ್ರಂಥಾಲಯದ ಪುಸ್ತಕ, ಯಾವುದಾದರೂ ಸರಿ. ಪಠ್ಯ ನಿಜಕ್ಕೂ ಶುರುವಾಗುವುದು ಅಲ್ಲಿಂದ.