ವಿಪತ್ತಿನಲ್ಲಿ ದೀಪ, ರೇಡಿಯೊ ಮತ್ತು ಗಡಿ: ಹೇಮಾವತಿಯಿಂದ ಒಂದು ನೋಟ

ಹೇಮಾವತಿ ಅಂದ ಕೂಡಲೇ ಬಹಳ ಜನ ಹಾಸನದ ಹೊಳೆ ಅಂದ್ಕೊಳ್ತಾರೆ. ನಾನು ಹೇಳ್ತಿರೋದು ಊರಿನ ಬಗ್ಗೆ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು ಇದೇ. ಮಡಕಶಿರಾ ಸೀಮೆಯದು, ಮೊದಲು ಅನಂತಪುರ ಜಿಲ್ಲೆ, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ. ಇಲ್ಲಿ ಕನ್ನಡ ಶಾಸನಗಳಿವೆ, ಕನ್ನಡ ಮನೆಮಾತಿನವರಿದ್ದಾರೆ, ಆದರೆ ಕಚೇರಿಯ ಭಾಷೆ ತೆಲುಗು. ವಿಪತ್ತಿಗೆ ಸಿಕ್ಕವರಿಗೆ ಕರೆಂಟಿಲ್ಲದೆ ನಡೆಯುವ ದೀಪ, ರೇಡಿಯೊ ಕೊಡುವ ಚರಿತ್ರೆಯನ್ನು ಇಂಥ ಗಡಿ ಊರಲ್ಲಿ ನಿಂತು ಓದಿದರೆ ಏನು ಕಾಣುತ್ತದೆ ಅನ್ನೋದು ನನ್ನ ವಿಷಯ.

ದೀಪದ ಕತೆ ಸರಳ. ನಂದಾದೀವಿಗೆಗೆ ದತ್ತಿ ಬಿಟ್ಟ ಶಾಸನಗಳನ್ನು ನಾವೆಲ್ಲ ಓದಿದ್ದೇವೆ. ಬೆಳಕು ಕೊಡೋದು ದಾನ ಅನ್ನೋ ಭಾವನೆ ಹಳೆಯದು. ಲಾಟೀನು ಹೋಗಿ ಸೋಲಾರ್ ಬಂತು. 1995ರಲ್ಲಿ ಹರೀಶ್ ಹಂದೆಯವರು ಬೆಂಗಳೂರಿನಲ್ಲಿ ಸೆಲ್ಕೋ ಕಟ್ಟಿದರು. ಯಾವ ಊರಲ್ಲಿ ಹಚ್ಚಿದರೂ ದೀಪ ದೀಪವೇ.

ರೇಡಿಯೊ ಹಾಗಲ್ಲ. 1991ರಲ್ಲಿ ಇಂಗ್ಲೆಂಡಿನ ಟ್ರೆವರ್ ಬೇಲಿಸ್, ಆಫ್ರಿಕಾದಲ್ಲಿ ಏಡ್ಸ್ ಹರಡುತ್ತಿರುವುದನ್ನು ಟಿ.ವಿ.ಯಲ್ಲಿ ನೋಡಿ, ಗಡಿಯಾರಕ್ಕೆ ಕೀ ಕೊಟ್ಟ ಹಾಗೆ ತಿರುಗಿಸಿದರೆ ಹಾಡುವ ರೇಡಿಯೊ ಮಾಡಲು ಕೂತರು. ಸೆಲ್ಲು ಕೊಳ್ಳಲಾಗದವರಿಗೆ ಮಾಹಿತಿ ಮುಟ್ಟಬೇಕು ಅನ್ನೋದು ಅವರ ಲೆಕ್ಕ. ಫ್ರೀಪ್ಲೇ ಹೆಸರಿನ ಈ ಸೆಟ್ಟುಗಳು 2000ದ ಪ್ರವಾಹದಲ್ಲಿ ಮೊಜಾಂಬಿಕ್ ಜನರಿಗೂ ಹೋದವು. (ನಮ್ಮ ತಾತ ಸತ್ತ ಸೆಲ್ಲನ್ನು ಬಿಸಿಲಿಗಿಟ್ಟು ಇನ್ನೊಂದು ವಾರ್ತೆ ಕೇಳ್ತಿದ್ದರು. ಬೇಲಿಸ್ ಅವರ ಬಾಧೆ ನಮ್ಮ ಮನೆಯಲ್ಲೂ ಇತ್ತು.)

ನಮ್ಮ ದೇಶದಲ್ಲಿ ರೇಡಿಯೊ ಬಹುಕಾಲ ಪರವಾನಗಿಯ ವಸ್ತು. ಬರೀ ಕೇಳೋದಕ್ಕೂ ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ದುಡ್ಡು ಕಟ್ಟಬೇಕಿತ್ತು. ಮಾತಾಡುವ ಹ್ಯಾಮ್ ರೇಡಿಯೊಗಂತೂ ಬಿಗಿ ಇನ್ನೂ ಹೆಚ್ಚು. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಅವರ ತಂಡ ಅನುಮತಿ ಪಡೆದು ಅಂಡಮಾನಿನಲ್ಲಿ ಹ್ಯಾಮ್ ಕೇಂದ್ರ ನಡೆಸುತ್ತಿದ್ದಾಗಲೇ, 26ರಂದು ಸುನಾಮಿ ಬಂತು. ಫೋನು ಸತ್ತ ದ್ವೀಪಗಳಿಂದ ಬದುಕಿದವರ ಸುದ್ದಿಯನ್ನು ಮನೆಯವರಿಗೆ ಮುಟ್ಟಿಸಿದ್ದು ಆ ಕೇಂದ್ರ. ಅನುಮತಿ ಇನ್ನೊಂದು ತಿಂಗಳು ತಡವಾಗಿದ್ದರೆ?

ಈಗ ಗಡಿಗೆ ಬರೋಣ. ಎಂ.ವಿ. ಗೋಪಾಲಸ್ವಾಮಿ ಮೈಸೂರಿನಲ್ಲಿ 'ಆಕಾಶವಾಣಿ' ಶುರು ಮಾಡಿದ್ದು 1935ರಲ್ಲಿ. ಆಂಧ್ರ ರಾಜ್ಯ ಆದದ್ದು 1953ರಲ್ಲಿ. 1955ರಲ್ಲಿ ಮೈಸೂರಿನ ನಿಲಯ ಬೆಂಗಳೂರಿಗೆ ಬಂತು. ಗೆರೆ ಎಳೆದು ಎರಡೇ ವರ್ಷಕ್ಕೆ, ಆ ಗೆರೆಯನ್ನು ಲೆಕ್ಕಕ್ಕಿಡದ ದನಿಯೊಂದು ಬೆಂಗಳೂರಿನಿಂದ ಹೊರಟಿತು. ಆದರೆ ಮಡಕಶಿರಾದ ಹಳ್ಳಿಗೆ ಮಳೆ ಬಂದರೆ ಎಚ್ಚರಿಸಬೇಕಾದ ಜಿಲ್ಲಾಡಳಿತ ಗೆರೆಯ ಈಚೆಗಿದೆ, ಅದು ತೆಲುಗಿನಲ್ಲಿ ಮಾತಾಡುತ್ತೆ.

ನಮ್ಮವರಿಗೆ ತೆಲುಗು ಬರಲ್ಲ ಅಂತಲ್ಲ. ಸಂತೆಯ ತೆಲುಗು ಚೆನ್ನಾಗೇ ಬರುತ್ತೆ. ತೊಡಕಿರೋದು ಸರ್ಕಾರಿ ಪ್ರಕಟಣೆಯ ತೆಲುಗಿನಲ್ಲಿ. 'ವರದ' ಅಂದರೆ ಅಲ್ಲಿ ಪ್ರವಾಹ, ನಮಗೆ ವರ ಕೊಡುವವನು. ನದಿ ಉಕ್ಕಿದಾಗ ಹೊರಡಿಸುವುದು 'ಪ್ರಮಾದ ಹೆಚ್ಚರಿಕ'. ತೆಲುಗಿನಲ್ಲಿ ಪ್ರಮಾದ ಅಂದರೆ ಅಪಾಯ, ಕನ್ನಡದಲ್ಲಿ ತಪ್ಪು. ತರಗತಿಯಲ್ಲಿ ಅರ್ಥವ್ಯತ್ಯಾಸಕ್ಕೆ ಉದಾಹರಣೆಯಾಗಿ ನಗುತ್ತಾ ಬರೆದುಕೊಳ್ಳುವ ಮಾತುಗಳಿವು. 2021ರ ನವೆಂಬರಿನಲ್ಲಿ ಇದೇ ಜಿಲ್ಲೆಯ ಚಿತ್ರಾವತಿ ಉಕ್ಕಿ, ನೀರಿನ ನಡುವೆ ಸಿಕ್ಕವರನ್ನು ಹೆಲಿಕಾಪ್ಟರಿನಲ್ಲಿ ಎತ್ತಬೇಕಾಯಿತು. ಅದೇ ಹೊತ್ತಿಗೆ ಕಡಪದ ಕಡೆ ಅನ್ನಮಯ್ಯ ಅಣೆಕಟ್ಟು ಒಡೆಯಿತು. ಅಂಥ ರಾತ್ರಿ, ಕನ್ನಡದಲ್ಲೇ ಯೋಚಿಸುವ ಒಬ್ಬ ಮುದುಕಿಗೆ ಪ್ರಕಟಣೆಯ ಅರ್ಥ ಹಿಡಿಯಲು ಎಷ್ಟು ಹೊತ್ತು ಬೇಕು?

ಹಾಗಾಗಿ ಪರಿಹಾರದ ಪಟ್ಟಿಯಲ್ಲಿ 'ರೇಡಿಯೊ: ಒಂದು' ಅಂತ ಬರೆದರೆ ನನಗೆ ಸಾಲದು. ಬರೀ ಎಫ್‌ಎಂ ಇರುವ ಸೆಟ್ ಕೊಟ್ಟರೆ ಹತ್ತಿರದ ನಿಲಯ ಸಿಗುತ್ತೆ, ಅಷ್ಟೇ. ಮಧ್ಯಮ ತರಂಗ ಇದ್ದರೆ 612 ಕಿಲೋಹರ್ಟ್ಸ್‌ನಲ್ಲಿ ಬೆಂಗಳೂರು ಹಿಡಿಯಬಹುದು. ಆದರೆ ಬೆಂಗಳೂರು ಚಿತ್ರಾವತಿಯ ಬಗ್ಗೆ ಕನ್ನಡದಲ್ಲಿ ಹೇಳುತ್ತದೆಯೇ, ಹೇಳಬೇಕಾದ್ದು ಅನಂತಪುರದ ಕೇಂದ್ರವೇ ಅಲ್ಲವೇ? ಗಡಿ ಜಿಲ್ಲೆಗಳ ಎಚ್ಚರಿಕೆ ಎರಡೂ ಭಾಷೆಯಲ್ಲಿ ಇರಬೇಕು ಅನ್ನೋದು ನನ್ನ ವಾದ. ಇದನ್ನು ಭಾಷಾಭಿಮಾನದ ಬೇಡಿಕೆ ಅಂತ ಕೆಲವರು ಅನ್ನಬಹುದು. ನಾನು ಅದನ್ನು ಸೆಲ್ಲಿನ ಜೊತೆಗೇ ಇಟ್ಟು ನೋಡ್ತೇನೆ. ಪ್ರಶ್ನೆಗಳಿದ್ದರೆ ಕೇಳಿ.