ಕೂಲಿಯ ಮೇಲಿನ ಕಾಸು

ನಮ್ಮ ಕೇರಿಯಲ್ಲಿ ಹುಟ್ಟಿದವರಿಗೆ ಕ್ಷೌರ ಅಂದರೆ ಹುಣಸೆಮರ. ಭಾನುವಾರ ಬೆಳಿಗ್ಗೆ ದೊಡ್ಡಪ್ಪ ಮರದ ಬುಡದಲ್ಲಿ ಗೋಣಿತಾಟು ಹಾಸಿಕೊಂಡು ಕೂರುತ್ತಿದ್ದ. ಮಕ್ಕಳೆಲ್ಲ ಸಾಲಾಗಿ ಅವನ ಮುಂದೆ ತಲೆ ಬಗ್ಗಿಸಬೇಕು. ಆ ಮೊಂಡು ಕತ್ತರಿ ಕೂದಲು ಕತ್ತರಿಸಿದ್ದಕ್ಕಿಂತ ಕಿತ್ತದ್ದೇ ಹೆಚ್ಚು. ಊರೊಳಗೆ ಕ್ಷೌರದವರ ಮನೆ ಇತ್ತು. ಅವರ ಕೈಯಲ್ಲಿ ಒಳ್ಳೇ ಕತ್ತರಿ ಇತ್ತು. ನಮ್ಮಪ್ಪನ ಜೇಬಿನಲ್ಲಿ ಕಾಸೂ ಇತ್ತು. ಆದರೂ ಆ ಕತ್ತರಿ ಕೇರಿಯ ಕಡೆ ಬರುತ್ತಿರಲಿಲ್ಲ. ಬಂದರೆ ಊರವರು ಅವರ ಕೈಲಿ ತಲೆ ಕೊಡುತ್ತಿರಲಿಲ್ಲ. ಕಾಸಿದ್ದರೂ ಕೊಳ್ಳಲಾಗದ ವಸ್ತು ಇದೆ ಅಂತ ನಾವು ಅರ್ಥಶಾಸ್ತ್ರದ ಪುಸ್ತಕ ಓದುವ ಮೊದಲೇ ಕಲಿತದ್ದು ಹೀಗೆ.

ಡಿಗ್ರಿ ಓದಲು ಪಟ್ಟಣಕ್ಕೆ ಬಂದಾಗ ಮೊದಲ ಸಲ ಸಲೂನಿನ ಕುರ್ಚಿ ಮೇಲೆ ಕೂತೆವು. ಕೆಲಸದ ಹುಡುಗ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿದ. ಯಾವ ಊರು ಅಂದ, ಯಾವ ಜನ ಅನ್ನಲಿಲ್ಲ. ನಮ್ಮ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಈ ಕಡೆ ಆ ಕಡೆ ತಿರುಗಿಸಿದ. ಕಟಿಂಗಿಗೆ ನೂರು ರೂಪಾಯಿ. ನಾವು ನೂರಿಪ್ಪತ್ತು ಕೊಟ್ಟೆವು. ಮುಟ್ಟಿದ್ದಕ್ಕೋ, ಮುಟ್ಟಿದ್ದರಿಂದ ಆದ ಖುಷಿಗೋ, ಇಪ್ಪತ್ತು ಯಾಕೆ ಜಾಸ್ತಿ ಕೊಟ್ಟೆವೋ ನಮಗೇ ಗೊತ್ತಾಗಲಿಲ್ಲ. ಆ ಹುಡುಗ ನೋಟನ್ನು ಹಣೆಗೆ ಒತ್ತಿಕೊಂಡ. ನಮಗೆ ಮೈ ಜುಂ ಅಂದಿತು. ಹಬ್ಬದ ದಿನ ಗೌಡರ ಜಗಲಿಯಿಂದ ಕೆಳಗೆ ಬಿದ್ದ ಕಾಸನ್ನು ನಮ್ಮವ್ವ ಹೀಗೇ ಹಣೆಗೆ ಒತ್ತಿಕೊಂಡದ್ದನ್ನು ಕಂಡವರು ನಾವು. ಅವತ್ತು ಒಂದು ಕ್ಷಣ ಆ ಜಗಲಿಯ ಮೇಲೆ ನಾವೇ ನಿಂತಿದ್ದೆವು.

ರಾತ್ರಿ ಹಾಸ್ಟೆಲಿನಲ್ಲಿ ಜಗಳವಾಯಿತು. ಬಡವನಿಗೆ ಇಪ್ಪತ್ತು ಕೊಟ್ಟರೆ ಏನು ಹೋಯಿತು ಅಂದ ಒಬ್ಬ. ಟಿಪ್ಸು ಕೊಡೋದು ದಣಿಗಳ ಚಾಳಿ, ನಮಗ್ಯಾಕೆ ಅಂದ ಇನ್ನೊಬ್ಬ. ಇಬ್ಬರ ಮಾತಲ್ಲೂ ಸತ್ಯವಿತ್ತು, ಇಬ್ಬರ ಮಾತೂ ಸಾಲದಾಗಿತ್ತು. ಕೂಲಿಯ ಮೇಲೆ ಬೀಳುವ ಈ ಕಾಸು ಎಲ್ಲಿಂದ ಬಂತು ಎಂದು ಹಿಂದಕ್ಕೆ ನಡೆದು ನೋಡದೆ ಈ ಜಗಳ ಬಗೆಹರಿಯುವುದಿಲ್ಲ.

ಹಿಂದಕ್ಕೆ ನಡೆದರೆ ಸಿಗುವುದು ಕಣ. ನಮ್ಮ ನಾಡಿನ ಹಳ್ಳಿಗಳಲ್ಲಿ ಕ್ಷೌರಿಕರಿಗೆ ತಲೆಗಿಷ್ಟು ಅಂತ ಕಾಸಿನ ದರ ಇರಲಿಲ್ಲ. ಅವರು ಆಯಗಾರರು. ಕುಂಬಾರ, ಮಡಿವಾಳ, ಕಮ್ಮಾರರ ಹಾಗೆ ವರ್ಷವಿಡೀ ದುಡಿದು ಸುಗ್ಗಿಯಲ್ಲಿ ಕಾಳು ಪಡೆಯುವವರು. 1800ರಲ್ಲಿ ಕಂಪನಿ ಸರ್ಕಾರದ ಅಪ್ಪಣೆಯಂತೆ ಮೈಸೂರು ಸೀಮೆ ಸುತ್ತಿದ ಬುಕಾನನ್ ಎಂಬ ಬಿಳಿಯ ರಾಶಿ ಹಂಚುವ ಕ್ರಮವನ್ನು ಬರೆದಿಟ್ಟಿದ್ದಾನೆ. ಮೊದಲು ದೇವರ ಪಾಲು, ಬ್ರಾಹ್ಮಣರ ಪಾಲು, ಪಂಚಾಂಗದವನ ಪಾಲು. ಆಮೇಲೆ ಕ್ಷೌರಿಕ, ಕುಂಬಾರ, ಮಡಿವಾಳರ ಪಾಲು. ಕಣದ ಅಂಚಿನಲ್ಲಿ ನಮ್ಮವರೂ ಇದ್ದರು. ತೋಟಿ, ತಳವಾರ, ಚರ್ಮ ಹದ ಮಾಡುವ ಮಾದಿಗ. ಅಂದರೆ ನಮ್ಮ ತಲೆ ಮುಟ್ಟದ ಕೈ ಮತ್ತು ನಮ್ಮ ಕೈ ಎರಡೂ ಒಂದೇ ರಾಶಿಯ ಮುಂದೆ ಚಾಚಿದ್ದವು. ಇದನ್ನು ನಾವೂ ಮರೆತೆವು, ಅವರೂ ಮರೆತರು.

ಆಯ ಅನ್ನುವುದು ಹಕ್ಕಾಗಿತ್ತು ಅಂತ ಕೆಲವು ಪಂಡಿತರು ಹೇಳುತ್ತಾರೆ. ಕಾಗದದಲ್ಲಿ ಹೌದು. ಆದರೆ ಮೊರ ಯಾರ ಕೈಯಲ್ಲಿತ್ತು? ಮಳೆ ಕೈಕೊಟ್ಟರೆ ಪಾಲು ಕಮ್ಮಿ. ದಣಿಗೆ ಸಿಟ್ಟು ಬಂದರೆ ಪಾಲು ಕಮ್ಮಿ. ದಣಿಗೆ ಖುಷಿಯಾದರೆ ಇನ್ನೊಂದು ಮೊರ. ಮದುವೆ, ನಾಮಕರಣ, ಸಾವು ಬಂದರೆ ಮೇಲೊಂದು ಪಂಚೆ, ಒಂದಿಷ್ಟು ಅಕ್ಕಿ, ಒಂದು ನಾಣ್ಯ. ಆ ಮೇಲಿನದಕ್ಕಾಗಿ ವರ್ಷವಿಡೀ ನಗುತ್ತಿರಬೇಕು. ಕೂಲಿ ಯಾವುದು, ಕೃಪೆ ಯಾವುದು ಎಂದು ಬೇರೆ ಮಾಡಿ ತೋರಿಸದಿರುವುದೇ ಆ ವ್ಯವಸ್ಥೆಯ ಹಿಕಮತ್ತು.

ಅದಕ್ಕೇ ಪದಗಳನ್ನೂ ತೂಗಿ ನೋಡಬೇಕು. ಭಕ್ಷೀಸು ಪಾರಸಿಯಿಂದ ಬಂದ ಮಾತು. ಅದರ ಬೇರಿನಲ್ಲಿ ಕೊಡುವುದು, ಕ್ಷಮಿಸುವುದು ಎರಡೂ ಇವೆ. ದುಡಿದವನು ಏನು ತಪ್ಪು ಮಾಡಿದ್ದ ಕ್ಷಮಿಸುವುದಕ್ಕೆ? ಇನಾಮು ಅರಬ್ಬಿಯಿಂದ ಬಂದದ್ದು. ಈ ಪದದ ಆಟ ಇನ್ನೂ ದೊಡ್ಡದು. ಕೆಲವು ಕಡೆ ಆಯಗಾರರಿಗೂ ತುಂಡು ಮಾನ್ಯ ಸಿಕ್ಕಿದ್ದುಂಟು. ಆದರೆ ಒಟ್ಟು ಲೆಕ್ಕ ಬೇರೆ. ಮೇಲಿನವರಿಗೆ ಕೊಟ್ಟ ಇನಾಮು ಊರಿಗೆ ಊರೇ ಆಯಿತು, ಕೆಳಗಿನವರಿಗೆ ಕೊಟ್ಟ ಇನಾಮು ಅಂಗೈಯ ಕಾಸಾಯಿತು. ಆ ಊರುಗಳನ್ನು ಬಿಡಿಸಲು ಮೈಸೂರು ರಾಜ್ಯದಲ್ಲಿ 1954ರಲ್ಲಿ ಇನಾಮು ರದ್ದತಿ ಕಾಯ್ದೆಯನ್ನೇ ತರಬೇಕಾಯಿತು. ಅಂಗೈಯ ಕಾಸನ್ನು ಯಾವ ಕಾಯ್ದೆಯೂ ಕೇಳಲಿಲ್ಲ.

ಕನ್ನಡ ನಾಡಿನಲ್ಲಿ ಕ್ಷೌರಕ್ಕೆ ಸಿಕ್ಕ ಅತಿ ದೊಡ್ಡ ಇನಾಮಿನ ಕತೆ ಕಲ್ಲಿನ ಮೇಲಿದೆ. ವಿಜಯನಗರವನ್ನು ಹೆಸರಿಗೆ ಸದಾಶಿವರಾಯ, ನಿಜಕ್ಕೆ ಅಳಿಯ ರಾಮರಾಯ ಆಳುತ್ತಿದ್ದ ಕಾಲ. ಕೊಂಡೋಜ ಎಂಬ ಕ್ಷೌರಿಕನ ಕೆಲಸಕ್ಕೆ ರಾಮರಾಯ ಮೆಚ್ಚಿದ. ಮೆಚ್ಚಿ ಕ್ಷೌರಿಕರ ಮೇಲಿದ್ದ ತೆರಿಗೆಯನ್ನೂ ಬಿಟ್ಟಿ ದುಡಿಮೆಯನ್ನೂ ತೆಗೆಸಿದ. 1540ರ ದಶಕದ ಇಂಥ ಶಾಸನಗಳಲ್ಲಿ ಬಾದಾಮಿಯದೂ ಒಂದು. ನಮ್ಮ ಇತಿಹಾಸದ ಪುಸ್ತಕಗಳು ಇದನ್ನು ರಾಯನ ಔದಾರ್ಯ ಅಂತ ಹೊಗಳುತ್ತವೆ. ನಾವು ಬೇರೆ ಥರ ಓದುತ್ತೇವೆ. ಕ್ಷೌರಿಕರು ತೆರಿಗೆ ಕಟ್ಟಿ, ಅದರ ಮೇಲೆ ಬಿಟ್ಟಿಯನ್ನೂ ಮಾಡುತ್ತಿದ್ದರು ಅನ್ನುವುದಕ್ಕೆ ಆ ಕಲ್ಲೇ ಸಾಕ್ಷಿ. ಒಬ್ಬನ ಗಡ್ಡ ನುಣ್ಣಗಾಗುವ ತನಕ ಅದು ಅನ್ಯಾಯ ಅಂತ ಅರಮನೆಗೆ ತೋರಿರಲಿಲ್ಲ. ಆದರೆ ಕೊಂಡೋಜನಿಗೆ ನಾವು ಕೈ ಮುಗಿಯುತ್ತೇವೆ. ಆ ಮೆಚ್ಚುಗೆ ಅವನೊಬ್ಬನ ಕೈಗೆ ಬಳೆಯಾಗಿ ಮುಗಿಯಲಿಲ್ಲ, ಅವನ ಕುಲದವರಿಗೆಲ್ಲ ಬಿಡುಗಡೆಯಾಗಿ ಕಲ್ಲಿನ ಮೇಲೆ ಬಂತು. ಕೊರತೆ ಒಂದೇ, ಅದು ನಿಂತದ್ದು ದೊರೆಯ ಖುಷಿಯ ಮೇಲೆ. 1565ರಲ್ಲಿ ರಕ್ಕಸತಂಗಡಿಯಲ್ಲಿ ರಾಮರಾಯನ ತಲೆಯೇ ಹೋಯಿತು.

ಅದಕ್ಕೂ ನಾನೂರು ವರ್ಷ ಹಿಂದೆ ಕಲ್ಯಾಣದಲ್ಲಿ ಇನ್ನೊಂದು ದಾರಿ ಕಂಡಿತ್ತು. ಹಡಪದ ಅಪ್ಪಣ್ಣ ಅಲ್ಲಿ ಬಸವಣ್ಣನವರ ಒಡನಾಡಿ, ವಚನಕಾರ. ಅವನ ಹೆಂಡತಿ ಲಿಂಗಮ್ಮನೂ ವಚನ ಬರೆದವಳು. ಇವತ್ತು ಕ್ಷೌರ ಮಾಡುವ ಜನ ಅವನ ಹೆಸರನ್ನೇ ತಮ್ಮ ಹೆಸರು ಮಾಡಿಕೊಂಡಿದ್ದಾರೆ. ಅದೇ ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮನ ಕತೆ ಎಲ್ಲರಿಗೂ ಗೊತ್ತು. ಗಂಡ ಮಾರಯ್ಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಚ್ಚಿನದನ್ನು ವಾಪಸು ಸುರಿದು ಬಾ ಅಂದಳು ಲಕ್ಕಮ್ಮ. ಕಾಯಕಕ್ಕಿಂತ ಮೇಲಿನದು ತನಗೆ ಬೇಡ ಎನ್ನುವ ಆ ಹೆಂಗಸಿನ ಸೊಕ್ಕು ನಮಗೆ ಬೇಕು. ಆದರೆ ಗೆಳೆಯರೇ, ಲಕ್ಕಮ್ಮನ ಮಾತನ್ನು ದಣಿಗಳ ಬಾಯಿಗೆ ಕೊಡಬೇಡಿ. ಬೇಡ ಅನ್ನುವ ಹಕ್ಕು ದುಡಿದವಳದ್ದು. ಕೊಡುವುದಿಲ್ಲ ಅನ್ನುವವನು ಅವಳ ಮಾತನ್ನು ತನ್ನ ಜಿಪುಣತನಕ್ಕೆ ಬಳಸಿದರೆ ಅದು ಕಳ್ಳತನ.

ಕಾಸಿಗೆ ಬೆನ್ನು ತಿರುಗಿಸಿದ ಕತ್ತರಿಯೂ ಇದೆ. 1890ರಲ್ಲಿ ಮುಂಬೈಯಲ್ಲಿ ಫುಲೆಯವರ ಸಂಗಾತಿ ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳುತನದಲ್ಲಿ ಕ್ಷೌರಿಕರು ಸಭೆ ಸೇರಿ, ವಿಧವೆಯರ ತಲೆ ಬೋಳಿಸುವ ಕೆಲಸ ಮಾಡುವುದಿಲ್ಲ ಎಂದು ನಿರ್ಧರಿಸಿದರು. ಎಷ್ಟು ಇನಾಮು ಕೊಟ್ಟರೂ ಇಲ್ಲ. ಬ್ರಾಹ್ಮಣರ ಮನೆಯ ಹೆಂಗಸಿನ ಮಾನಕ್ಕಾಗಿ ಶೂದ್ರ ಕ್ಷೌರಿಕ ತನ್ನ ಸಂಪಾದನೆ ಬಿಟ್ಟ. ಇದನ್ನು ಯಾವ ಪಠ್ಯದಲ್ಲೂ ನಾವು ಓದಲಿಲ್ಲ.

ಇದೇ ಮರಾಠಿ ಸೀಮೆಯ ಸಾತಾರದಲ್ಲಿ ಒಬ್ಬ ಹುಡುಗನ ತಲೆಯನ್ನು ಅವನ ಅಕ್ಕ ಬೋಳಿಸುತ್ತಿದ್ದಳು. ಊರಲ್ಲಿ ಕ್ಷೌರಿಕರಿರಲಿಲ್ಲ ಅಂತಲ್ಲ, ಮನೆಯಲ್ಲಿ ದುಡ್ಡಿರಲಿಲ್ಲ ಅಂತಲೂ ಅಲ್ಲ. ಆ ಹುಡುಗ ಭೀಮರಾವ್. 1901ರಲ್ಲಿ ಅಪ್ಪನನ್ನು ನೋಡಲು ಅವನು ಅಣ್ಣನ ಜೊತೆ ಕೋರೆಗಾಂವಿಗೆ ಹೊರಟ. ಮಸೂರು ಸ್ಟೇಷನ್ನಿನಲ್ಲಿ ಇಳಿದರೆ ಜಾತಿ ಗೊತ್ತಾಗಿ ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಒಬ್ಬ ಒಪ್ಪಿದ. ಬಾಡಿಗೆ ಎರಡರಷ್ಟು, ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ಗಾಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ. ಈ ಲೆಕ್ಕವನ್ನು ಎಲ್ಲರೂ ನೆನಪಿಡಬೇಕು. ಮೇಲುಜಾತಿಯವನು ಮೇಲೆ ಕೊಟ್ಟ ಕಾಸಿಗೆ ಸಲಾಮು ಸಿಗುತ್ತದೆ. ಅಸ್ಪೃಶ್ಯ ಮೇಲೆ ಕೊಟ್ಟ ಕಾಸಿಗೆ ಅರ್ಧ ಸೇವೆಯೂ ಸಿಗುವುದಿಲ್ಲ. ಕಾಸಿಗೂ ಜಾತಿ ಇದೆ.

ಆ ಹುಡುಗ ಬೆಳೆದು ಸಂವಿಧಾನ ಸಭೆಯಲ್ಲಿ ನಿಂತ. 1948ರ ನವೆಂಬರ್ 29ರಂದು, ಜಾತಿಯ ಕಾರಣಕ್ಕೆ ಯಾರನ್ನೂ ಅಂಗಡಿಯಿಂದ ದೂರ ಇಡಬಾರದು ಎನ್ನುವ ವಿಧಿ ಚರ್ಚೆಗೆ ಬಂತು. ಮದ್ರಾಸ್ ಪ್ರಾಂತ್ಯದ ನಮ್ಮ ಪ್ರತಿನಿಧಿ ಎಸ್. ನಾಗಪ್ಪ, ಅಂಗಡಿ ಅಂದರೆ ಕ್ಷೌರ, ಬಟ್ಟೆ ಒಗೆಯುವ ಸೇವೆಯೂ ಸೇರುತ್ತದೋ ಅಂತ ಕೇಳಿದರು. ಖಂಡಿತ ಸೇರುತ್ತದೆ, ಯಾರು ತನ್ನ ಸೇವೆಯನ್ನು ನೀಡಲು ಕೂತಿದ್ದಾನೋ ಅವನದೆಲ್ಲ ಅಂಗಡಿಯೇ ಎನ್ನುವುದು ಅಂಬೇಡ್ಕರ್ ಉತ್ತರದ ಸಾರ. ಸೇವೆಯ ಷರತ್ತಿಗೆ ಇಬ್ಬರೂ ಒಪ್ಪಿದರೆ ಸಾಕು. ಅದು ಹದಿನೈದನೇ ವಿಧಿಯೊಳಗೆ ಸೇರಿತು. 1955ರ ಅಸ್ಪೃಶ್ಯತಾ ಅಪರಾಧ ಕಾಯ್ದೆಯಲ್ಲಿ ಅಂಗಡಿ ಎಂಬ ಪದದ ಅರ್ಥದಲ್ಲೇ ಕ್ಷೌರದ ಸಲೂನು ಬಂತು. ಷರತ್ತು ಎಂಬ ಆ ಮಾತನ್ನು ನೋಡಿ. ಕೃಪೆಯಿಲ್ಲ, ಖುಷಿಯಿಲ್ಲ, ಎರಡರಷ್ಟು ಬಾಡಿಗೆಯೂ ಇಲ್ಲ. ಇಷ್ಟು ಕೆಲಸ, ಇಷ್ಟು ದರ, ಯಾರ ತಲೆಯಾದರೂ ಒಂದೇ.

ನಮ್ಮ ಕಣದ ಕತೆ ಕಡಲಾಚೆಯೂ ನಡೆದಿದೆ. 1972ರಲ್ಲಿ ಮುಂಬೈಯ ದಲಿತ ಪ್ಯಾಂಥರ್ ಗೆಳೆಯರು ಅಮೆರಿಕದ ಕರಿಯರಿಂದ ತಮ್ಮ ಹೆಸರು ಪಡೆದರಲ್ಲ, ಆ ಕರಿಯರ ಅಜ್ಜಂದಿರು ಗುಲಾಮಗಿರಿ ಕಳೆದ ಮೇಲೆ ಪುಲ್‌ಮನ್ ಕಂಪನಿಯ ರೈಲಿನಲ್ಲಿ ಹಾಸಿಗೆ ಹಾಸುವ, ಬೂಟು ಒರೆಸುವ ಕೆಲಸಕ್ಕೆ ಸೇರಿದರು. ಸಂಬಳ ತೀರಾ ಕಮ್ಮಿ. ಮಿಕ್ಕದ್ದು ಪ್ರಯಾಣಿಕರ ಟಿಪ್ಸಿನಿಂದ ಗಿಟ್ಟಿಸಿಕೊಳ್ಳಬೇಕು. ಯಜಮಾನನ ಹೆಸರು ಜಾರ್ಜ್ ಅಂತ ಇವರೆಲ್ಲರನ್ನೂ ಜಾರ್ಜ್ ಎಂದೇ ಕರೆಯುತ್ತಿದ್ದರು. 1925ರಲ್ಲಿ ಇವರು ರ‍್ಯಾಂಡಾಲ್ಫ್ ಜೊತೆ ಸಂಘ ಕಟ್ಟಿದರು. ಹನ್ನೆರಡು ವರ್ಷ ಹೋರಾಡಿ 1937ರಲ್ಲಿ ಕಂಪನಿಯಿಂದ ಒಪ್ಪಂದಕ್ಕೆ ಸಹಿ ಹಾಕಿಸಿದರು. ಸಂಬಳ ಏರಿತು, ತಿಂಗಳಿಗೆ 400 ಗಂಟೆಯ ದುಡಿಮೆ 240ಕ್ಕೆ ಇಳಿಯಿತು. ಟಿಪ್ಸು ಎಷ್ಟು ಬಿದ್ದಿದ್ದರೂ ಒಂದು ಗಂಟೆಯನ್ನೂ ಇಳಿಸುತ್ತಿರಲಿಲ್ಲ.

ಈಗ ನಮ್ಮ ಇಪ್ಪತ್ತು ರೂಪಾಯಿಗೆ ಬರೋಣ. ಮುಂದಿನ ತಿಂಗಳು ಅದೇ ಸಲೂನಿಗೆ ಹೋದೆವು. ಈ ಸಲ ಲೆಕ್ಕಕ್ಕೆ ಸರಿಯಾಗಿ ನೂರೇ ಕೊಟ್ಟು, ಏನೋ ದೊಡ್ಡ ಕ್ರಾಂತಿ ಮಾಡಿದವರ ಹಾಗೆ ನಿಂತೆವು. ಹುಡುಗನ ಮುಖ ಸಣ್ಣದಾಯಿತು. ಯಾಕಣ್ಣ ಅಂದೆವು. ‘ನೂರರಲ್ಲಿ ಅರ್ಧ ಓನರ್‌ಗೆ ಸಾರ್, ಅರ್ಧ ನಂಗೆ. ಮೇಲೆ ಕೊಡೋದು ಮಾತ್ರ ಪೂರ್ತಿ ನಂದು’ ಅಂದ. ನಮ್ಮ ಕ್ರಾಂತಿಯ ಖರ್ಚು ಅವನ ತಲೆ ಮೇಲೆ ಬಿದ್ದಿತ್ತು. ದರ ಸರಿಯಿಲ್ಲದ ಕಡೆ ಟಿಪ್ಸು ಬೇಡ ಅನ್ನುವ ಸಿದ್ಧಾಂತ ಮಾಲೀಕನಿಗೆ ನಷ್ಟ ಮಾಡುವುದಿಲ್ಲ, ಹುಡುಗನ ರಾತ್ರಿಯ ಊಟಕ್ಕೆ ಕೈ ಹಾಕುತ್ತದೆ.

ಅದಕ್ಕೇ ನಾವು ಹೀಗೆ ಹೇಳುತ್ತೇವೆ. ದರ ಸರಿಯಾಗುವ ತನಕ ಕೊಡೋಣ. ಜಗಲಿಯ ಮೇಲಿನಿಂದ ಎಸೆಯದೆ ಕೈಗೆ ಕೈ ಮುಟ್ಟಿಸಿ ಕೊಡೋಣ. ಹೆಸರು ಕೇಳಿ ಕೊಡೋಣ. ಹಣೆಗೆ ಒತ್ತಿಕೊಳ್ಳಲು ಹೋದರೆ, ಬೇಡಣ್ಣ, ಇದು ನಿನ್ನ ಕೂಲಿಯ ಬಾಕಿ ಅನ್ನೋಣ. ಅವರ ಸಂಘ ದರ ಏರಿಸಿದ ದಿನ ಗೊಣಗದೆ ಕೊಡೋಣ. ಸಲೂನಿನ ಹುಡುಗ ತನ್ನ ಪಾಲು ಕೇಳಿ ಬೀದಿಗೆ ಬಂದ ದಿನ ಅವನ ಜೊತೆ ನಿಲ್ಲೋಣ. ಅವನ ಕುಲದ ಹೆಸರನ್ನೇ ಬೈಗುಳ ಮಾಡಿಕೊಂಡ ನಾಲಿಗೆಗಳನ್ನು, ಅದು ನಮ್ಮವರದೇ ನಾಲಿಗೆಯಾದರೂ ಸರಿ, ಅಲ್ಲೇ ತಡೆಯೋಣ.

ಕ್ಷೌರದ ಅಣ್ಣಂದಿರಿಗೂ ಒಂದು ಮಾತಿದೆ. ಊರವರ ಹೆದರಿಕೆಗೆ ಕೇರಿಯ ತಲೆಯನ್ನು ಬಿಟ್ಟಿರಿ. ಊರವರು ಅದಕ್ಕೆ ಕೊಟ್ಟದ್ದೇನು? ಒಂದು ಮೊರ ಕಾಳು, ಒಂದು ಹಳೇ ಪಂಚೆ. ಮುಂಬೈಯ ನಿಮ್ಮವರು 1890ರಲ್ಲಿ ಇಲ್ಲ ಅಂದದ್ದನ್ನು ನೆನೆಯಿರಿ. ಆ ಧೈರ್ಯದಿಂದ ಒಂದು ಸಲ ಹೌದು ಅನ್ನಿ. ಇನಾಮು ಕೊಡುವುದಿಲ್ಲ, ಸರಿಯಾದ ದರ ಕೊಡುತ್ತೇವೆ.

ಪಟ್ಟಣದಲ್ಲಿ ಈಗ ಫೋನು ತೋರಿಸಿದರೆ ಕಾಸು ಹೋಗುತ್ತದೆ, ಯಾವ ಕೈಯೂ ಯಾವ ಕೈಯನ್ನೂ ಮುಟ್ಟಬೇಕಾಗಿಲ್ಲ. ಹಳ್ಳಿಯಲ್ಲಿ ದೊಡ್ಡಪ್ಪನಿಗೆ ವಯಸ್ಸಾಗಿದೆ, ಕೈ ನಡುಗುತ್ತದೆ. ಹೋದ ಹಬ್ಬಕ್ಕೆ ಹೋದಾಗ ಭಾನುವಾರ ಹುಣಸೆಮರದ ಕೆಳಗೆ ಅದೇ ಗೋಣಿತಾಟು ಹಾಸಿತ್ತು. ಮಕ್ಕಳು ಸಾಲಾಗಿ ಕೂತಿದ್ದವು.